ಮುಗಿಸಿದವರು ಮುಗಿಸದವರ ಹತ್ತಿರ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಈ ಸಂಗತಿಯಲ್ಲಿ ನಾನು ಬಸ್ಸಿನ ಕಂಡಕ್ಟರನ ಮೇಲೆ, ಹನ್ನೆರಡು ವರ್ಷದ ಹುಡುಗಿಯ ಮೇಲೆ, ಎಲ್ಲರ ಮೇಲೂ ಹರಿಹಾಯ್ದಿದ್ದೇನೆ. ಯಾರ ಮೇಲೆ ಸಿಟ್ಟಾಗಬೇಕಿತ್ತೋ ಅವರು ಮಾತ್ರ ಕನ್ನಡಿಯೊಳಗೆ ಆರಾಮಾಗಿ ಕುಳಿತಿದ್ದರು.

ಮನೆ ಲಕ್ಷ್ಮೇಶ್ವರದಲ್ಲಿ. ಶಾಲೆ ಯಳವತ್ತಿ ಕಡೆಯ ಒಂದು ಸಣ್ಣ ಊರಿನಲ್ಲಿ. ಒಂದರಿಂದ ಏಳನೇ ತರಗತಿ, ಮೂವರು ಶಿಕ್ಷಕರು. ಐದು, ಆರು, ಏಳು ಮೂರೂ ನನ್ನ ಕೊರಳಿಗೆ ಬಿದ್ದಿದ್ದವು. ಒಂದೇ ಕೋಣೆಯಲ್ಲಿ ಮೂರು ತರಗತಿಯನ್ನು ಕೂರಿಸಿಕೊಂಡು ಗಣಿತ ಹೇಳಿದವರಿಗೇ ಅದರ ಸುಖ ಗೊತ್ತು. ಐದನೆಯವರಿಗೆ ಭಾಗಾಕಾರ ಹೇಳುವಾಗ ಏಳನೆಯವರು ಜಗಳಕ್ಕೆ ಬಿದ್ದಿರುತ್ತಾರೆ. ಅವರನ್ನು ಸುಮ್ಮನಾಗಿಸಿ ಬರುವಷ್ಟರಲ್ಲಿ ಆರನೆಯವರು ಉಚ್ಚಿಗೆ ಹೋಗುವ ಹೆಸರಿನಲ್ಲಿ ಬಯಲಿಗೆ ಓಡಿರುತ್ತಾರೆ. ನಡುವೆ ಬಿಸಿಯೂಟದ ವರದಿ, ಮಕ್ಕಳ ಆಧಾರ್ ನಂಬರು, ಆ ಸರ್ವೆ, ಈ ತರಬೇತಿ.

ಅದಕ್ಕೇ ನಾನೊಂದು ಕಾನೂನು ಮಾಡಿದ್ದೆ. ಯಾರು ಲೆಕ್ಕ ಮೊದಲು ಮುಗಿಸುತ್ತಾರೋ ಅವರು ಸುಮ್ಮನೆ ಕೂರುವಂತಿಲ್ಲ. ಎದ್ದು, ಮುಗಿಸದವರ ಪಕ್ಕ ಹೋಗಿ, ಹೇಳಿಕೊಡಬೇಕು. ಕೇಳುವ ಅಗತ್ಯವಿಲ್ಲ, ನನ್ನ ಅಪ್ಪಣೆಗೆ ಕಾಯುವ ಅಗತ್ಯವೂ ಇಲ್ಲ. ಗೋಡೆಗೆ ಬಣ್ಣದಲ್ಲೇ ಬರೆಸಿದ್ದೆ: ಮುಗಿಸಿದವರು ಮುಗಿಸದವರ ಹತ್ತಿರ. ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರಿನ ಸಾಹೇಬರು ಬಂದು ನೋಡಿ ಬೆರಗಾದರು. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು, ಶಿರಹಟ್ಟಿಯ ತರಬೇತಿಯಲ್ಲಿ ಎಲ್ಲ ಶಿಕ್ಷಕರಿಗೂ ತೋರಿಸುವುದಾಗಿ ಹೇಳಿದರು. ನಾನು ಅವತ್ತು ನೆಲದ ಮೇಲೆ ಇರಲಿಲ್ಲ.

ಆ ವಿಡಿಯೋದಲ್ಲಿ ಹೆಚ್ಚಾಗಿ ಕಾಣುವುದು ಒಬ್ಬಳೇ ಹುಡುಗಿ. ಅವಳ ತಂದೆ ಹತ್ತಿ ಹಿಂಜಿ ಗಾದಿ ಹೊಲಿಯುವವರು. ಮದುವೆ ಸುಗ್ಗಿಯಲ್ಲಿ ಸುತ್ತಿನ ಊರುಗಳಿಗೆಲ್ಲ ಅವರದೇ ಗಾದಿ, ತಲೆದಿಂಬು. ಹುಡುಗಿಯ ತಲೆಯಲ್ಲಿ ಯಾವಾಗಲೂ ಒಂದೆರಡು ಹತ್ತಿಯ ಎಳೆ ಅಂಟಿಕೊಂಡಿರುತ್ತಿತ್ತು. ನಾನು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಅವಳದು ಮುಗಿದಿರುತ್ತಿತ್ತು. ಮುಗಿಯಿತೋ, ಎದ್ದಳು. ಮೊದಲು ಪಕ್ಕದ ಗೆಳತಿ, ಆಮೇಲೆ ಹಿಂದಿನ ಬೆಂಚು, ಆಮೇಲೆ ಐದನೆಯವರ ಸಾಲು. ನನಗಿಂತ ಚೆನ್ನಾಗಿ ಹೇಳುತ್ತಿದ್ದಳು, ಸಿಟ್ಟಿಲ್ಲದೆ. ನಾನು ಮೂಲೆಯಲ್ಲಿ ಕುಳಿತು ವರದಿ ತುಂಬುತ್ತಿದ್ದೆ. ಮೂರು ವರ್ಷ ಹೀಗೇ ನಡೆಯಿತು. ಮೂರು ವರ್ಷದಲ್ಲಿ ಅವಳಿಗೆ ನಾನು ಏನು ಕಲಿಸಿದೆ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ.

ಅವಳು ಏಳನೆಯಲ್ಲಿದ್ದಾಗ ಒಂದು ಸುತ್ತೋಲೆ ಬಂತು. ಜಾಣ ಮಕ್ಕಳಿಗಾಗಿಯೇ ಇರುವ ವಸತಿ ಶಾಲೆಯೊಂದಕ್ಕೆ ಎಂಟನೇ ತರಗತಿಯ ಪ್ರವೇಶ ಪರೀಕ್ಷೆ. ಪಾಸಾದರೆ ಊಟ, ವಸತಿ, ಪುಸ್ತಕ ಎಲ್ಲ ಅಲ್ಲಿಯದೇ, ಹನ್ನೆರಡನೆಯವರೆಗೆ. ನಾನು ಆ ಹುಡುಗಿಯ ಮನೆಗೆ ಹೋದೆ. ತಂದೆ ಅಂಗಳದಲ್ಲಿ ಗಾದಿಯ ಮೇಲೆ ಮಂಡಿಯೂರಿ, ಉದ್ದನೆಯ ಸೂಜಿಯಿಂದ ಟಾಕಿ ಹಾಕುತ್ತಿದ್ದರು.

"ಬರ್ರಿ ಅಕ್ಕೋರ, ಕುಂಡ್ರಿ," ಅಂದರು. ನಮ್ಮ ಕಡೆ ಶಿಕ್ಷಕಿಯರನ್ನು ಹಾಗೇ ಕರೆಯುವುದು. ನಾನು ಎಲ್ಲ ವಿವರಿಸಿದೆ. ಅವರು ಸೂಜಿ ಕೆಳಗಿಡಲಿಲ್ಲ.

"ಸೀಟ ಸಿಕ್ರ ಖರೇನ ಕಳಸ್ತೀನ್ರಿ. ಸಿಗಲಿಲ್ಲಂದ್ರ ಏಳಕ್ಕ ಸಾಕ್ರಿ. ಲಕ್ಷ್ಮೇಶ್ವರದ ಹೈಸ್ಕೂಲಿಗೆ ಹೋಗೂ ಬಸ್ಸೇನೋ ಐತಿ. ತಿರುಗಿ ಬರೂ ಬಸ್ಸು ಕತ್ತಲಾದ ಮ್ಯಾಲೆ ಬರ್ತೈತಿ. ದೊಡ್ಡಾಕಿನೂ ಅದಕ್ಕ ಬಿಡಿಸಿದೆ. ಸಣ್ಣಾಕಿಗೊಂದು ನ್ಯಾಯ, ದೊಡ್ಡಾಕಿಗೊಂದು ನ್ಯಾಯ ಮಾಡಾಕ ಆಗಂಗಿಲ್ರಿ."

ಒಳಗಿನ ಬಾಗಿಲಲ್ಲಿ ಆ ದೊಡ್ಡಾಕೆ ನಿಂತಿದ್ದಳು. ಅವಳೂ ನನ್ನ ವಿದ್ಯಾರ್ಥಿನಿಯೇ. ಅವಳ ಮುಖ ನೋಡಲು ನನಗೆ ಆಗಲಿಲ್ಲ. ಅಂದರೆ ಸಣ್ಣವಳಿಗೆ ಇರುವುದು ಇದೊಂದೇ ಪರೀಕ್ಷೆ. ತಪ್ಪಿದರೆ ಹನ್ನೆರಡನೇ ವಯಸ್ಸಿಗೇ ಓದು ಮುಗಿಯಿತು.

ಅವಳ ಪಕ್ಕದ ಗೆಳತಿಯೂ ಅರ್ಜಿ ಹಾಕಿದಳು. ಹೊಲಮನೆ ಇದ್ದ ಕುಟುಂಬದ ಹುಡುಗಿ, ಶ್ರದ್ಧೆಯವಳು, ಅಂಜುಬುರುಕಿ. ಶಾಲೆ ಬಿಟ್ಟ ಮೇಲೆ ಇಬ್ಬರನ್ನೂ ಕೂರಿಸಿಕೊಂಡು ತಯಾರಿ ಶುರು ಮಾಡಿದೆ. ಮೊದಲ ದಿನವೇ ನನ್ನ ಜಂಬ ಇಳಿಯಿತು. ಪುಸ್ತಕದ ಲೆಕ್ಕ ಯಾವುದು ಕೊಟ್ಟರೂ ನಿದ್ದೆಗಣ್ಣಿನಲ್ಲಿ ಮಾಡುತ್ತಿದ್ದ ಹುಡುಗಿ, ಪ್ರವೇಶ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ ಕೊಟ್ಟಾಗ ಪೆನ್ನು ಹಿಡಿದು ಸುಮ್ಮನೆ ಕುಳಿತಳು.

"ಯಾಕ? ಏನಾತು?"

"ಅಕ್ಕೋರ, ಇಂಥಾವು ನೀವು ನಮಗ ಹೇಳಿಲ್ರಿ."

"ನಿನಗ ಎಲ್ಲಾ ಹೇಳಿಕೊಡಬೇಕೇನ? ಶಾಣೇಕಿ ಅಂತ ಹೆಸರ ತಗೊಂಡಿ, ತಲಿ ಓಡಸು!" ಎಂದು ಗದರಿದೆ. ಗದರಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಐದನೆಯ ತರಗತಿಯಿಂದ ಈ ಹುಡುಗಿ ಅವೇ ಭಿನ್ನರಾಶಿಗಳನ್ನು ಬೇರೆ ಬೇರೆ ಮಕ್ಕಳಿಗೆ ಹೇಳುತ್ತ ನಿಂತಲ್ಲೇ ನಿಂತಿದ್ದಳು. ಗಾಣದ ಎತ್ತು ದಿನವಿಡೀ ನಡೆಯುತ್ತದೆ, ಊರು ಮಾತ್ರ ಮುಟ್ಟುವುದಿಲ್ಲ. ಆ ಎತ್ತಿನ ವಿಡಿಯೋ ಬೇರೆ ಮಾಡಿಸಿದ್ದೆ ನಾನು.

ಆಮೇಲಿನ ಐದು ವಾರ ಅವಳು ಓಡಿದ ಓಟ ನೋಡಿ ನನಗೆ ಒಮ್ಮೊಮ್ಮೆ ಭಯವಾಗುತ್ತಿತ್ತು. ಇವತ್ತು ಬೀಜಗಣಿತ ಅಂದರೇನೆಂದು ಹೇಳಿದರೆ ನಾಳೆ ಅವಳೇ ಸಮೀಕರಣ ಕಟ್ಟಿಕೊಂಡು ಬರುತ್ತಿದ್ದಳು. ಒಂದು ಸಂಜೆ ಗಡಿಯಾರದ ಪ್ರಶ್ನೆ ಬಂತು: ಮೂರೂಕಾಲು ಗಂಟೆಗೆ ಎರಡು ಮುಳ್ಳುಗಳ ನಡುವಿನ ಕೋನ ಎಷ್ಟು? ಅವಳು ಏಳೂವರೆ ಡಿಗ್ರಿ ಎಂದು ಬರೆದಿದ್ದಳು. ಎರಡೂ ಮುಳ್ಳು ಮೂರರ ಮೇಲೇ ಇರುತ್ತವೆ, ಉತ್ತರ ಸೊನ್ನೆ ಎಂದು ನಾನು ಕೆಂಪು ಶಾಯಿಯಲ್ಲಿ ಗೀಟು ಎಳೆದೆ.

"ಸಣ್ಣ ಮುಳ್ಳು ಅಷ್ಟೊತ್ತು ಸುಮ್ಮನ ಕುಂತಿರ್ತೈತೇನ್ರಿ ಅಕ್ಕೋರ?" ಅಂದಳು.

ಎದುರು ಮಾತಾಡಬೇಡ ಅಂದೆ. ಮನೆಗೆ ಹೋಗಿ ಗೋಡೆ ಗಡಿಯಾರ ಇಳಿಸಿ, ಮುಳ್ಳು ತಿರುಗಿಸಿ ನೋಡಿದೆ. ಸಣ್ಣ ಮುಳ್ಳು ಮೂರನ್ನು ದಾಟಿ ಒಂದಿಷ್ಟು ಮುಂದೆ ಸರಿದಿತ್ತು. ಇಪ್ಪತ್ತೆರಡು ವರ್ಷ ಗಣಿತ ಹೇಳಿದವಳು ನಾನು. ಮರುದಿನ ಅವಳ ವಹಿಯಲ್ಲಿ ಗೀಟಿನ ಮೇಲೆ ಸರಿ ಗುರುತು ಹಾಕಿ, ಏನೂ ಮಾತಾಡದೆ ಕೊಟ್ಟೆ. ನಾಚಿಕೆಯೂ ಆಯಿತು, ಹೇಳಲಾರದಷ್ಟು ಸಂತೋಷವೂ ಆಯಿತು.

ಪರೀಕ್ಷೆ ಬೆಟಗೇರಿಯ ಒಂದು ಹೈಸ್ಕೂಲಿನಲ್ಲಿ. ನಾನು, ಅವಳ ತಂದೆ, ಇಬ್ಬರು ಹುಡುಗಿಯರು ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ಅಂತೂರ ಬೆಂತೂರದ ಹತ್ತಿರ ಬಸ್ಸು ಹತ್ತು ನಿಮಿಷ ನಿಂತಿದ್ದಕ್ಕೆ ಕಂಡಕ್ಟರನಿಗೆ ಬಾಯಿಗೆ ಬಂದಂತೆ ಅಂದೆ. ಹುಡುಗಿಯರಿಗೆ ದಾರಿಯುದ್ದಕ್ಕೂ ಉಪದೇಶ: ಉತ್ತರದ ಗೋಲ ಪೂರ್ತಿ ತುಂಬಿರಿ, ನಂಬರು ತಪ್ಪಬೇಡಿ, ಗಾಬರಿಯಾಗಬೇಡಿ, ನೀರು ಕುಡಿಯಿರಿ. ಹೇಳಬೇಕಾದದ್ದು ಒಂದೇ ಒಂದು ಮಾತಿತ್ತು. ಅದು ನನ್ನ ತಲೆಗೇ ಬರಲಿಲ್ಲ. ಪರೀಕ್ಷೆಯಲ್ಲಿ ಯಾರಿಗೂ ಹೇಳಿಕೊಡಬಾರದು ಎಂದು ಯಾರಾದರೂ ಮಕ್ಕಳಿಗೆ ಬೇರೆ ಹೇಳುತ್ತಾರೆಯೇ? ನಮ್ಮ ಶಾಲೆಯ ಪರೀಕ್ಷೆಗಳಲ್ಲಿ ನಾನು ಬೋರ್ಡಿನ ಮೇಲೆ ಪ್ರಶ್ನೆ ಬರೆದು ವರದಿ ತುಂಬಲು ಕೂರುತ್ತಿದ್ದೆ. ಅಲ್ಲಿಯೂ ಅವಳು ಏಳುತ್ತಿದ್ದಳು. ನಾನು ತಲೆ ಎತ್ತುತ್ತಿರಲಿಲ್ಲ.

ಇಬ್ಬರ ನಂಬರು ಒಂದರ ಹಿಂದೆ ಒಂದು. ಒಂದೇ ಬೆಂಚಿನ ಎರಡು ತುದಿ. ಗಂಟೆ ಹೊಡೆಯಿತು. ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ನಾವಿಬ್ಬರೂ ಕುಳಿತೆವು. ಹಿಂದಿನ ಓಣಿಯಿಂದ ಮಗ್ಗದ ಸದ್ದು ಬರುತ್ತಿತ್ತು. ಅವಳ ತಂದೆ ಬೆರಳಲ್ಲಿ ಬೆರಳು ಹೆಣೆದು ಕುಳಿತಿದ್ದರು. ನಾನು ಹತ್ತು ಸಲ ಮೊಬೈಲು ನೋಡಿದೆ. ಮುಗಿಯಲು ಇನ್ನೂ ಅರ್ಧ ತಾಸಿದೆ ಅನ್ನುವಾಗ ಶಾಲೆಯ ಸಿಪಾಯಿ ಓಡಿಬಂದ.

"ಲಕ್ಷ್ಮೇಶ್ವರ ಕಡೆಯಿಂದ ಬಂದ ಅಕ್ಕೋರು ಯಾರ್ರಿ? ಜಲ್ದಿ ಬರ್ರಿ. ನಿಮ್ಮ ಹುಡುಗಿ ಕಾಪಿ ಹೊಡಸೂದು ಸಿಕ್ಕೈತಿ."

ತಂದೆ ಎದ್ದು ನಿಂತರು. ನೀವು ಇಲ್ಲೇ ಇರಿ ಎಂದು ಕೈ ಮಾಡಿ ನಾನು ಓಡಿದೆ. ಸುಳ್ಳು, ಸುಳ್ಳು, ಅವಳು ಅಂಥವಳಲ್ಲ ಎಂದು ಮೆಟ್ಟಿಲು ಮೆಟ್ಟಿಲಿಗೂ ಅಂದುಕೊಂಡೆ.

ಮುಖ್ಯ ಅಧೀಕ್ಷಕರು ಮುಂಡರಗಿ ಕಡೆಯ ಹಿರಿಯ ಮಾಸ್ತರರು, ನಿವೃತ್ತಿಯ ಅಂಚಿನವರು. ಅವರ ಮೇಜಿನ ಮೇಲೆ ಎರಡು ಉತ್ತರದ ಹಾಳೆಗಳಿದ್ದವು. ಮೇಜಿನ ಈ ಕಡೆ ನನ್ನ ಹುಡುಗಿ ನೆಟ್ಟಗೆ ನಿಂತಿದ್ದಳು. ಗೆಳತಿ ಬಾಗಿಲ ಬಳಿ ಬಿಕ್ಕುತ್ತಿದ್ದಳು. ಕೋಣೆಯ ಮೇಲ್ವಿಚಾರಕರು ನನ್ನನ್ನು ನೋಡಿದ್ದೇ ತಡ, ಶುರು ಮಾಡಿದರು.

"ಏನ್ ಧೈರ್ಯರಿ ಈ ಹುಡುಗಿದು! ತನ್ನ ಪೇಪರ್ ಮುಗಿಸಿದ್ಲು, ಪೆನ್ನ ಇಟ್ಲು, ಎದ್ಲು, ಈಕಿ ಬಾಜೂಕ ಹೋಗಿ ಕುಂತ್ಲು. ಪ್ರಶ್ನಿ ಮ್ಯಾಲೆ ಬೆರಳ ಇಟ್ಟು, ಇದನ್ನ ಹಿಂಗ ಮಾಡಬೇಕು ನೋಡ ಅಂತ ಪಾಠ ಮಾಡಾಕ ಹತ್ತಿದ್ಲು. ಇಡೀ ಖೋಲಿಗೆ ಕೇಳೂವಂಗ! ಪಿಸಿಪಿಸಿ ಅಂದಿದ್ರ ನನಗ ಗೊತ್ತೂ ಆಗ್ತಿರಲಿಲ್ಲ."

ಹಿರಿಯರು ಹುಡುಗಿಯ ಕಡೆ ತಿರುಗಿದರು. ದನಿ ಮೆತ್ತಗಿತ್ತು, ಅದೇ ಹೆಚ್ಚು ಭಯ ಹುಟ್ಟಿಸಿತು. "ಹಿಂಗ ಮಾಡಬಾರ್ದು ಅಂತ ಗೊತ್ತಿಲ್ಲೇನ ತಂಗಿ? ಯಾರ ಕಲಿಸ್ಯಾರ ನಿನಗ ಇದನ್ನ?"

ಅವಳು ನನ್ನನ್ನು ನೋಡಿದಳು. ದೂರುವ ನೋಟವಲ್ಲ ಅದು. ಉತ್ತರ ಅಕ್ಕೋರಿಗೆ ಗೊತ್ತಿದೆ, ಅವರೇ ಹೇಳುತ್ತಾರೆ ಎಂದು ಕಾಯುವ ನೋಟ.

ನನ್ನ ಬಾಯಿಂದ ಬಂದ ಮಾತು ಇದು: "ನಾವೇನ್ ಹಂಗ ಕಲಿಸಿಲ್ರಿ ಸರ್."

ಯೋಚಿಸಿ ಅಂದದ್ದಲ್ಲ, ಬಿಸಿ ಪಾತ್ರೆ ಮುಟ್ಟಿದಾಗ ಕೈ ಹಿಂದಕ್ಕೆ ಬರುವ ಹಾಗೆ ಬಂತು. ಮುಂದಿನ ವಾರ ಶಿರಹಟ್ಟಿಯಲ್ಲಿ ನನ್ನ ವಿಡಿಯೋ ತೋರಿಸುವವರಿದ್ದರು. ಕಾಪಿ ಹೊಡೆಸುವುದನ್ನು ಗೋಡೆಯ ಮೇಲೆ ಬರೆಸಿದ ಶಿಕ್ಷಕಿ ಎಂದು ನಾಲ್ಕು ಜನ ಆಡಿಕೊಂಡರೆ? ಅಷ್ಟೇ ಸಾಕಾಗಿತ್ತು ನನಗೆ. ಅಲ್ಲಿಗೇ ನಿಲ್ಲಲಿಲ್ಲ. ಹುಡುಗಿಯ ಕಡೆ ತಿರುಗಿ, "ಬುದ್ಧಿ ಎಲ್ಲಿಟ್ಟಿದ್ದಿ? ಯಾಕ ಎದ್ದಿ ನೀ?" ಎಂದು ಕಿರುಚಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಆ ಗಾದೆಯನ್ನು ಎಷ್ಟು ಸಲ ಮಕ್ಕಳಿಗೆ ಹೇಳಿದ್ದೆನೋ, ಅವತ್ತು ಬರೆ ನನ್ನ ಕೈಯಲ್ಲೇ ಇತ್ತು.

ಅವಳ ಮುಖದಲ್ಲಿ ಒಂದು ಕ್ಷಣ ಏನೋ ಅಲುಗಾಡಿತು. ಆಮೇಲೆ ಹಿರಿಯರ ಕಡೆ ತಿರುಗಿ, "ತಪ್ಪು ನಂದ್ರಿ ಸರ್. ಅಕ್ಕೋರು ಹೇಳಿಲ್ರಿ," ಅಂದಳು.

ಹನ್ನೆರಡು ವರ್ಷದ ಹುಡುಗಿ ನನ್ನ ಮಾನ ಉಳಿಸಲು ಸುಳ್ಳು ಹೇಳಿದಳು. ಗೋಡೆಯ ಮೇಲಿನ ಗಡಿಯಾರದಲ್ಲಿ ಪರೀಕ್ಷೆ ಮುಗಿಯಲು ಹದಿನೆಂಟು ನಿಮಿಷ ಉಳಿದಿತ್ತು. ಹಿರಿಯರು ವರದಿಯ ನಮೂನೆ ಎಳೆದುಕೊಂಡು ಪೆನ್ನಿನ ಟೋಪಿ ತೆಗೆದರು. ಇಬ್ಬರ ನಂಬರನ್ನೂ ಬರೆಯಲು ಹೊರಟಿದ್ದರು. ನಾನು ಕೈ ಚಾಚಿ ಆ ನಮೂನೆಯ ಮೇಲೆ ಅಂಗೈ ಇಟ್ಟೆ.

"ಸರ್, ಬರೀಬ್ಯಾಡ್ರಿ. ಸುಳ್ಳು ಹೇಳಿದ್ನಿರಿ ನಾನು," ಅಂದೆ.

ಒಮ್ಮೆ ಶುರುವಾದ ಮೇಲೆ ಎಲ್ಲ ಹೇಳಿದೆ. ಕಾನೂನು, ಗೋಡೆ ಬರಹ, ಮೂರು ವರ್ಷ. ಸಾಹೇಬರು ನನ್ನ ಮೊಬೈಲಿಗೂ ಕಳಿಸಿದ್ದ ಆ ವಿಡಿಯೋವನ್ನೇ ತೆಗೆದು ಮೇಜಿನ ಮೇಲಿಟ್ಟೆ. ಅದರಲ್ಲಿ ಹುಡುಗಿ ಲೆಕ್ಕ ಮುಗಿಸುತ್ತಾಳೆ, ಪೆನ್ನು ಇಡುತ್ತಾಳೆ, ಏಳುತ್ತಾಳೆ, ಗೆಳತಿಯ ಪಕ್ಕ ಕೂರುತ್ತಾಳೆ. ಹಿಂದಿನಿಂದ ನನ್ನ ದನಿ ಕೇಳುತ್ತದೆ: ಶಬ್ಬಾಸ್. ಮೇಲ್ವಿಚಾರಕರು ಬಗ್ಗಿ ನೋಡಿ ಹಿಂದೆ ಸರಿದರು.

"ಇದನ್ನೆಲ್ಲಾ ಬರದು ಸಹಿ ಮಾಡಿ ಕೊಡ್ತೀರೇನ್ರಿ?" ಎಂದು ಹಿರಿಯರು ಕೇಳಿದರು. "ನಾಳೆ ನಿಮಗ ತ್ರಾಸ ಆಗಬಹುದು."

ಬರೆದೆ. ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು. ಆಮೇಲೆ ತೀರ್ಮಾನ ಹೇಳಿದರು. ಗೆಳತಿ ತಾನಾಗಿ ಸಹಾಯ ಕೇಳಿರಲಿಲ್ಲ, ಕಿವಿಗೆ ಬಿದ್ದದ್ದನ್ನು ಹಾಳೆಯ ಮೇಲೆ ಬರೆದೂ ಇರಲಿಲ್ಲ. ಆ ಪ್ರಶ್ನೆ ಬಿಟ್ಟು ಉಳಿದದ್ದನ್ನು ಅವಳು ಹೋಗಿ ಮುಗಿಸಲಿ. ಎದ್ದು ಹೋಗಿ ಹೇಳಿಕೊಟ್ಟವಳ ಹಾಳೆ ಮಾತ್ರ ನನ್ನ ಹೇಳಿಕೆಯ ಜೊತೆ ಬೇರೆ ಲಕೋಟೆಯಲ್ಲಿ ಹೋಗಲೇಬೇಕು.

"ಮ್ಯಾಲಿನವರು ಏನ್ ಮಾಡ್ತಾರೋ ಮಾಡ್ಲಿ. ನನ್ನ ಕೈಯಾಗ ಇಷ್ಟ ಐತ್ರಿ," ಅಂದರು. ಅವರ ಕಣ್ಣು ಒದ್ದೆಯಾಗಿತ್ತು. ಅವರ ಮೇಲೆ ಸಿಟ್ಟಾಗಲು ನನಗೆ ಕಾರಣ ಸಿಗಲಿಲ್ಲ.

ಗೆಳತಿ ಕಣ್ಣೊರೆಸಿಕೊಂಡು ಒಳಗೆ ಓಡಿದಳು. ನನ್ನ ಹುಡುಗಿಯ ಹಾಳೆ ಲಕೋಟೆಯೊಳಗೆ ಹೋಯಿತು, ಅರಗಿನ ಮುದ್ರೆ ಬಿತ್ತು. ಅವಳು ಅದನ್ನೇ ನೋಡುತ್ತ ನಿಂತಿದ್ದಳು.

ಆಮೇಲಿನ ಎರಡು ತಿಂಗಳು ಹೇಗೆ ಕಳೆದವೋ ದೇವರಿಗೇ ಗೊತ್ತು. ಮೇಲಿನಿಂದ ನನಗೊಂದು ನೋಟೀಸು ಬಂತು, ಉತ್ತರ ಕೊಟ್ಟೆ. ಶಿರಹಟ್ಟಿಯಲ್ಲಿ ವಿಡಿಯೋ ತೋರಿಸಲಿಲ್ಲ. ಗೋಡೆಯ ಅಕ್ಷರಗಳ ಮೇಲೆ ನಾನೇ ಸುಣ್ಣ ಬಳಿದೆ. ಆ ಹುಡುಗಿ ಮೊದಲಿನ ಹಾಗೇ ಬರುತ್ತಿದ್ದಳು, ಲೆಕ್ಕ ಮುಗಿಸುತ್ತಿದ್ದಳು. ಮುಗಿಸಿದ ಮೇಲೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಬೆಂಚಿಗೆ ಅಂಟಿ ಕೂರುತ್ತಿದ್ದಳು. ಪಕ್ಕದಲ್ಲಿ ಯಾರು ತಿಣುಕಿದರೂ ತಿರುಗಿ ನೋಡುತ್ತಿರಲಿಲ್ಲ. ಏಳು ಎಂದು ಹೇಳುವ ಬಾಯಿಯೂ ನನಗಿರಲಿಲ್ಲ.

ಪಟ್ಟಿ ಬಂತು. ಗೆಳತಿಯ ನಂಬರು ಇತ್ತು. ಇವಳದು ಇರಲಿಲ್ಲ.

ಅವತ್ತೇ ಅವಳ ಮನೆಗೆ ಹೋಗಿ ತಂದೆಯ ಎದುರು ಕುಳಿತೆ. ಬೇವಿನ ಮರದ ಕಟ್ಟೆಯ ಮೇಲೆ ಅವತ್ತು ಅವರಿಗೆ ಅರ್ಧಂಬರ್ಧ ಹೇಳಿ ಜಾರಿಕೊಂಡಿದ್ದೆ. ಈಗ ಪೂರ್ತಿ ಹೇಳಿದೆ, ನಾನು ಮೊದಲು ಹೇಳಿದ ಸುಳ್ಳನ್ನೂ ಸೇರಿಸಿ. ಬೈಯಲಿ ಎಂದು ಕಾದೆ. ಅವರು ಬಹಳ ಹೊತ್ತು ಹತ್ತಿಯ ಉಂಡೆಯೊಂದನ್ನು ಬಿಡಿಸುತ್ತ ಕುಳಿತರು.

"ನೀವು ಹೇಳಿದ್ದ ಮಾಡ್ಯಾಳ್ರಿ ಅಕ್ಕೋರ," ಅಂದರು. "ಹೇಳಿದ್ದ ಮಾಡಿದಾಕಿನ್ನ ಮನ್ಯಾಗ ಕುಂಡ್ರಸಿದ್ರ ನಂದೂ ತಪ್ಪಾಗ್ತೈತಿ."

ಮುಂದಿನ ವಾರ ಅವರು ತಮ್ಮ ಕೆಲಸವನ್ನು ಲಕ್ಷ್ಮೇಶ್ವರದ ಬಜಾರಿನ ಒಂದು ಕಟ್ಟೆಗೆ ಸಾಗಿಸಿದರು. ಸಂಜೆ ಹೈಸ್ಕೂಲು ಬಿಟ್ಟ ಮೇಲೆ ಮಗಳು ಅಲ್ಲಿಗೆ ಬರುವುದು, ಇಬ್ಬರೂ ಕೂಡಿ ಕತ್ತಲೆಯ ಬಸ್ಸಿಗೆ ಊರಿಗೆ ಹೋಗುವುದು ಎಂದು ಮಾತಾಯಿತು. ದೊಡ್ಡ ಮಗಳ ವಿಷಯ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಜೂನಿನಲ್ಲಿ ಹುಡುಗಿ ವರ್ಗಾವಣೆ ಪತ್ರ ಒಯ್ಯಲು ಶಾಲೆಗೆ ಬಂದಳು. ಕೋಣೆಯಲ್ಲಿ ನಾವಿಬ್ಬರೇ. ಶಿಕ್ಷಕರು ಮಕ್ಕಳ ಕ್ಷಮೆ ಕೇಳುವ ರೂಢಿ ನಮ್ಮಲ್ಲಿಲ್ಲ. ಅದಕ್ಕೆ ಮಾತುಗಳೂ ಇಲ್ಲ. "ಅವತ್ತು ನಂದ ತಪ್ಪಾತು," ಎಂದಷ್ಟೇ ಅಂದೆ.

ಅವಳು ತಲೆಯಾಡಿಸಿದಳು. ಆಮೇಲೆ ಕೇಳಿದಳು, "ಅಕ್ಕೋರ, ನನ್ನ ಪೇಪರ್ ಯಾರರ ತಿದ್ದಿದ್ರೇನ್ರಿ? ಎಷ್ಟು ಬಂದಾವು?"

"ಲಕೋಟಿ ಒಡದ ಇಲ್ಲ ಅಂತ ಕಾಣ್ತೈತಿ," ಅಂದೆ.

ಪತ್ರವನ್ನು ಚೀಲದೊಳಗಿಟ್ಟಳು. ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ತನ್ನ ಹಳೆಯ ಬೆಂಚಿನ ತುದಿಗೆ ಹೋಗಿ ಕುಳಿತು, ವಹಿ ತೆಗೆದು ಹೊಸ ಪುಟ ಬಿಡಿಸಿದಳು.

"ಬಸ್ಸಿಗೆ ಇನ್ನೂ ಹೊತ್ತೈತ್ರಿ," ಅಂದಳು. "ನನಗೊಂದು ಲೆಕ್ಕ ಹಾಕಿ ಕೊಡ್ರಿ ಅಕ್ಕೋರ. ಬ್ಯಾರೆ ಯಾರಿಗೂ ಹೇಳಿಕೊಡಾಕಲ್ರಿ. ನನಗ."

ನಾನು ಎದ್ದು ಬೋರ್ಡಿನ ಮುಂದೆ ನಿಂತೆ. ಸೀಮೆಸುಣ್ಣ ಕೈಯಲ್ಲಿತ್ತು. ನನಗೆ ಬರುತ್ತಿದ್ದ ಲೆಕ್ಕಗಳನ್ನೆಲ್ಲ ಅವಳು ಆ ಐದು ವಾರದಲ್ಲೇ ಮುಗಿಸಿದ್ದಳು. ಅವಳಿಗೆ ಗೊತ್ತಿಲ್ಲದ ಒಂದೇ ಒಂದು ಲೆಕ್ಕವೂ ನನ್ನ ಹತ್ತಿರ ಇರಲಿಲ್ಲ.